ಹೆಗಲ ಮೇಲಿನ ಸೈಕಲ್ಲು

"ಮುಟ್ಬೇಡ ಅಪ್ಪಾ. ನೀ ಮುಟ್ಟಿದ್ರೆ ನಾನ್ ಔಟ್."

ಓಟದ ದಾರಿಗೆ ಕಟ್ಟಿದ್ದ ಟೇಪಿನ ಆಚೆಗೆ ಚಾಚಿದ್ದ ಕೈಯನ್ನು ಕರುಣಾಕರ ಹಿಂದಕ್ಕೆಳೆದುಕೊಂಡ. ಮಗಳು ಸೃಷ್ಟಿ ಕೆಸರಿನಲ್ಲಿ ಮಂಡಿಯೂರಿ ಸೈಕಲ್ಲಿನ ಹಿಂಚಕ್ರದೊಳಗೆ ಬೆರಳು ತೂರಿಸುತ್ತಿದ್ದಳು. ಚೈನು ಅಲುಗಲಿಲ್ಲ.

ಅದು ಅವಳ ಮೊದಲ ಸೈಕ್ಲೋಕ್ರಾಸ್. ಕ್ರೋಯ್ಡನ್ ಅಂಚಿನ ಮೈದಾನದಲ್ಲಿ ಹುಲ್ಲು, ಕೆಸರು, ದಿಬ್ಬ ಎಲ್ಲದರ ಮೇಲೆ ಸುತ್ತು ಹಾಕಬೇಕು. ತುಳಿಯಲಾಗದ ಕಡೆ ಸೈಕಲ್ಲನ್ನು ಹೊತ್ತು ಓಡಬೇಕು. ಕಾಲೇಜಿನ ತಂಡದಲ್ಲಿ ಮೂವರು ಹುಡುಗಿಯರು. ಮೂವರೂ ಕೊನೆಯ ಗೆರೆ ದಾಟಿದರೆ ಮಾತ್ರ ತಂಡ ಲೆಕ್ಕಕ್ಕೆ. ಉಳಿದಿಬ್ಬರು ಆಗಲೇ ದಾಟಿ, ದಿಬ್ಬದಾಚೆ ಇವಳಿಗಾಗಿ ಕಾಯುತ್ತಿದ್ದರು.

ಸೃಷ್ಟಿ ಚೈನಿನಿಂದ ಹಳದಿ ಎಸಳೊಂದನ್ನು ಕಿತ್ತು ಎತ್ತಿ ಹಿಡಿದಳು. "ಅಪ್ಪಾ, ಈಸ್ ದಿಸ್ ಯುವರ್ ಫ್ಲವರ್?"

ಹೌದು, ಅವನದೇ. ಹಿಂದಿನ ದಿನ ಆಯುಧಪೂಜೆ. ಫೆಲ್ಥಮ್ಮಿನ ಮನೆಯಲ್ಲಿ ಕಾರು, ಮಿಕ್ಸಿ, ಹೀತ್ರೊ ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತುವಾಗ ಅವನು ಹಾಕುವ ಬೂಟು, ಮಗಳ ಸೈಕಲ್ಲು ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಒಂದೆಸಳೂ ಇರಬಾರದೆಂದು ಸೃಷ್ಟಿ ಬೆಳಿಗ್ಗೆ ಹೇಳಿದ್ದಳು. ಅವನು ಎಲ್ಲ ತೆಗೆದ. ಸೀಟಿನ ಅಡಿಯಲ್ಲಿ ಮಾತ್ರ ಒಂದು ತುಂಡು ಮಾಲೆ ಬಿಟ್ಟ. ಪೂಜೆ ಮಾಡಿದ ಮರುದಿನವೇ ಸೈಕಲ್ಲನ್ನು ಬೋಳಾಗಿ ಓಟಕ್ಕೆ ಕಳಿಸಲು ಮನಸ್ಸಾಗಲಿಲ್ಲ. ಊರಿನ ಹಾಗೆ ಬಾಳೆನಾರಿನಲ್ಲಿ ಕಟ್ಟಿದ್ದರೆ ಹರಿದು ಬಿದ್ದುಹೋಗುತ್ತಿತ್ತು. ಅಂಗಡಿಯವನು ನೈಲಾನ್ ದಾರದಲ್ಲಿ ಪೋಣಿಸಿದ್ದ. ಅದು ಜಾರಿ ಹಲ್ಲುಚಕ್ರಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ಸರ್, ಬಿಹೈಂಡ್ ದ ಟೇಪ್, ಪ್ಲೀಸ್," ಎಂದ ಹಳದಿ ಜಾಕೆಟ್ಟಿನ ಮಾರ್ಷಲ್.

"ಹಿಂದೇ ಇದ್ನಲ್ಲ ಮರಾಯಾ. ಕಣ್ಣ್ ಕಾಂತಿಲ್ಯಾ ನಿಂಗೆ?" ಎಂದ ಕರುಣಾಕರ, ಕನ್ನಡದಲ್ಲೇ.

"ಥ್ಯಾಂಕ್ ಯು, ಸರ್."

ಸೃಷ್ಟಿ ಕೈ ಕೊಡವಿದಳು. "ಐ ಆಮ್ ಡನ್, ಅಪ್ಪಾ. ಇದು ತಿರ್ಗುದಿಲ್ಲ."

"ತಿರ್ಗದಿದ್ರೆ ಬಿಡ್. ಹೊತ್ಕಂಡ್ ಹೋಪುಕೆ ಆತ್ತಲ್ದಾ?"

"ಅಷ್ಟ್ ದೂರ? ಆ ಹಿಲ್ ಹತ್ತಿ?"

"ಹೂಂ. ನಂಗೆ ಬೈಯೂದಾರೆ ಆಮೇಲ್ ಬೈ."

ಅವಳು ಅವನನ್ನೊಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ಎದ್ದು, ಸೈಕಲ್ಲಿನ ಚೌಕಟ್ಟಿನೊಳಗೆ ಬಲಗೈ ತೂರಿಸಿ, ಅದನ್ನು ಹೆಗಲಿಗೇರಿಸಿ ನಡೆದಳು.

ಚಿಕ್ಕಂದಿನಲ್ಲಿ ಕರುಣಾಕರನ ಅಕ್ಕ ಗುಣವತಿ ಹೀಗೇ ಎತ್ತುತ್ತಿದ್ದಳು. ಕುಂದಾಪುರದ ಒಳಗಿನ ಅವರ ಊರಿನಲ್ಲಿ ಶಾಲೆಗೆ ಹೋಗುವ ದಾರಿಗೆ ಒಂದು ಹೊಳೆ ಅಡ್ಡ. ಅದರ ಮೇಲೆ ಎರಡು ತೆಂಗಿನಮರ ಜೋಡಿಸಿದ ಸಂಕ. ಅಪ್ಪಯ್ಯನ ಹಳೇ ಸೈಕಲ್ಲಿನಲ್ಲಿ ಅಕ್ಕ ತುಳಿಯುವುದು, ಇವನು ಹಿಂದೆ ಕೂರುವುದು. ಸಂಕ ಬಂದಾಗ ಇಳಿಯಬೇಕು. "ನೀ ಚೀಲ ಹಿಡ್ಕ. ಸೈಕಲ್ ಮುಟ್ಬೇಡ," ಎಂದು ಅವಳು ಲಂಗ ಎತ್ತಿ ಕಟ್ಟಿ ಮುಂದೆ ನಡೆಯುತ್ತಿದ್ದಳು. ಎರಡು ಚೀಲ ಹೊತ್ತು ಇವನು ಹಿಂದೆ. ಚೀಲದೊಳಗೆ ಬುತ್ತಿಡಬ್ಬಿ ಸ್ಲೇಟಿಗೆ ತಾಗಿ ಟಣಟಣ ಅನ್ನುತ್ತಿತ್ತು. ಅಕ್ಕ ತಿರುಗಿ ನೋಡುತ್ತಿರಲಿಲ್ಲ. ಸದ್ದು ನಿಂತರೆ ಮಾತ್ರ ತಾನೂ ನಿಲ್ಲುತ್ತಿದ್ದಳು.

"ಬಂದ್ಯನಾ?"

"ಬತ್ತಿದ್ದೆ."

ಏಳನೇ ಕ್ಲಾಸಿಗೆ ಅಕ್ಕನನ್ನು ಶಾಲೆ ಬಿಡಿಸಿದರು. ಸೈಕಲ್ಲು ಇವನಿಗೆ ಬಂತು. ಅಷ್ಟು ಹೊತ್ತಿಗೆ ಪಂಚಾಯ್ತಿಯವರು ಸಿಮೆಂಟಿನ ಸೇತುವೆ ಕಟ್ಟಿದ್ದರು. ಒಂದು ದಿನವೂ ಅವನು ಸೈಕಲ್ಲನ್ನು ಹೊರಬೇಕಾಗಲಿಲ್ಲ.

ಕರುಣಾಕರ ಟೇಪಿನ ಈಚೆ ಮಗಳ ಸಮಕ್ಕೆ ಹೆಜ್ಜೆ ಹಾಕಿದ. ಒಂದು ಭುಜಕ್ಕೆ ಅವಳ ಚೀಲ, ಇನ್ನೊಂದಕ್ಕೆ ಹೆಂಡತಿ ಕಲ್ಯಾಣಿ ಊಟ ಕಟ್ಟಿಕೊಟ್ಟಿದ್ದ ಚೀಲ. ದಿಬ್ಬದಲ್ಲಿ ಸೃಷ್ಟಿ ಜಾರಿ ಬಿದ್ದಳು. ಇವನ ಕೈ ತಾನಾಗಿ ಮುಂದೆ ಹೋಯಿತು. ಜಾಕೆಟ್ಟಿನ ಜೇಬಿಗೆ ತುರುಕಿಕೊಂಡ. ಅವಳೇ ಎದ್ದಳು, ಸೈಕಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು.

"ಅಪ್ಪಾ, ಆರ್ ಯು ಕಮಿಂಗ್?" ತಿರುಗದೆಯೇ ಕೇಳಿದಳು.

"ಬತ್ತಿದ್ದೆ ಮಗಾ."

ಗೆರೆಯ ಬಳಿ ಜನ ಚದುರಿದ್ದರು. ಮೈಕಿನವನು ಮುಂದಿನ ಓಟದವರನ್ನು ಕರೆಯುತ್ತಿದ್ದ. ತಂಡದ ಇಬ್ಬರು ಹುಡುಗಿಯರು ಮಾತ್ರ ಟೇಪು ಬಡಿಯುತ್ತಾ ಅವಳ ಹೆಸರು ಕೂಗುತ್ತಿದ್ದರು. ಅವಳು ಸೈಕಲ್ಲು ಇಳಿಸದೆಯೇ ಗೆರೆ ದಾಟಿದಳು. ಕೊನೆಯವಳು. ಹುಡುಗಿಯರು ಅವಳನ್ನು ಕೆಸರಿನ ಸಮೇತ ತಬ್ಬಿಕೊಂಡರು.

ಆಮೇಲೆ ಅವಳು ಕುಂಟುತ್ತಾ ಬಂದು ಸೈಕಲ್ಲನ್ನು ಅವನ ಮುಂದೆ ನಿಲ್ಲಿಸಿದಳು. "ಈಗ ಮುಟ್ಟು."

"ಬೈಯೂದಿಲ್ಯಾ?"

"ಕಾರಲ್ಲಿ."

ಅವನು ಚೀಲಗಳನ್ನು ಅವಳಿಗೆ ಕೊಟ್ಟು, ಚೌಕಟ್ಟಿನೊಳಗೆ ಕೈ ತೂರಿಸಿ ಎತ್ತಿದ. ಅಪ್ಪಯ್ಯನ ಸೈಕಲ್ಲಿನ ಅರ್ಧ ತೂಕವೂ ಇರಲಿಲ್ಲ. ಚಕ್ರದ ಕೆಸರು ಕಾಲರಿನೊಳಗೆ ಇಳಿಯಿತು. ಕಾರು ನಿಲ್ಲಿಸಿದ್ದ ಹುಲ್ಲುಗಾವಲಿನ ಕಡೆಗೆ ಅವನು ಮುಂದೆ ನಡೆದ. ಹಿಂದಿನಿಂದ ನೀರಿನ ಬಾಟ್ಲಿ ಊಟದ ಡಬ್ಬಿಗೆ ತಾಗುವ ಸದ್ದು ಬರುತ್ತಿತ್ತು. ನಡುವೆ ಒಮ್ಮೆ ಅದು ನಿಂತಿತು. ಕರುಣಾಕರನೂ ನಿಂತ. ಮತ್ತೆ ಕೇಳಿಸಿದ ಮೇಲೆ ಹೆಜ್ಜೆ ಇಟ್ಟ.