ಹರಕೆಯ ಹೊಗೆ

ಮಕ್ಕಳನ್ನು ಕರೆದುಕೊಂಡು ಹೋಗಲು ಹೇಳಿ ಮಾಡಿಸಿದಂಥ ಕೋಟೆ ಎಂದು ಪುಣೆಯ ವಾಕಡದ ಅಪಾರ್ಟ್‌ಮೆಂಟಿನವರೆಲ್ಲ ಹೊಗಳಿದ್ದರು. ಮೆಟ್ಟಿಲಿವೆ, ನೆರಳಿದೆ, ಮೇಲೆ ನಿಂತರೆ ಸಹ್ಯಾದ್ರಿಯ ಸಾಲು ಬೆಟ್ಟ ಕಾಣುತ್ತದೆ. ಅದೆಲ್ಲ ನಿಜವೇ. ಆದರೆ ಸಿದ್ದಾರೂಢನ ತಲೆಯಲ್ಲಿ ಬೆಟ್ಟವಿರಲಿಲ್ಲ, ಹರಕೆಯಿತ್ತು. ಅವನ ಮಗಳು ತನುಶ್ರೀ ಡೆಂಗಿ ಜ್ವರದಿಂದ ಎದ್ದರೆ ಕೋಟೆಯ ದೇವಿಗೆ ಲೋಬಾನದ ಧೂಪ ಹಾಕಿಸುತ್ತೇನೆಂದು ಅವನ ತಾಯಿ ನಾಗವ್ವ ಬೇಡಿಕೊಂಡಿದ್ದಳು. ಮೊಣಕಾಲು ನೋವಿನ ನಾಗವ್ವ ಮನೆಯಲ್ಲೇ ಉಳಿದು ಲೋಬಾನದ ಪೊಟ್ಟಣವನ್ನು ಮಗನ ಕೈಗಿತ್ತಳು.

ಏಳು ವರ್ಷದ ತನುಶ್ರೀ ದಾರಿಯುದ್ದಕ್ಕೂ ಅಪ್ಪನ ಮುಂದೆ ಕುಣಿಯುತ್ತಲೇ ಹತ್ತಿದಳು. ದೇವಿಯ ಕಲ್ಲು ಕಡಿದಾದ ಬಂಡೆಯ ಬುಡದಲ್ಲಿತ್ತು. ಬಂಡೆಯ ನೆತ್ತಿಯಲ್ಲಿ ಹೆಜ್ಜೇನಿನ ಹುಟ್ಟುಗಳು ಜೋತುಬಿದ್ದಿದ್ದವು. ಇಲ್ಲಿ ಬೆಂಕಿ ಹಚ್ಚಬೇಡಿ ಎಂದು ಮರಾಠಿಯಲ್ಲಿ ಬರೆದ ಫಲಕವನ್ನು ಹೆಂಡತಿ ಶೀತಲ್ ತೋರಿಸಿದಳು. ಹಡಪಸರದಲ್ಲಿ ಬಟ್ಟೆ ಅಂಗಡಿ ನಡೆಸುವ ಸಿದ್ದಾರೂಢನಿಗೆ ಮರಾಠಿ ಓದಲು ಬಾರದೇನಲ್ಲ.

“ಅದು ಚಾ ಕಾಸೋರಿಗೆ ಬರದದ್ದು. ದೇವರಿಗೆ ಹಾಕೋ ಹೊಗಿ ಏನೂ ಮಾಡೂದಿಲ್ಲ,” ಎಂದ.

ದೇವರ ಹೊಗೆ ಯಾವುದು, ಒಲೆಯ ಹೊಗೆ ಯಾವುದು ಎಂದು ಜೇನುಹುಳ ವಿಚಾರಿಸುವುದಿಲ್ಲವೆಂದು ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು? ಕರ್ಪೂರದಿಂದ ತೆಂಗಿನ ಚಿಪ್ಪು ಹೊತ್ತಿಸಿ, ಕೆಂಡವಾದ ಮೇಲೆ ಲೋಬಾನವನ್ನು ಧಾರಾಳವಾಗಿ ಸುರಿದ. ಹೊಗೆ ನೇರವಾಗಿ ಮೇಲಕ್ಕೆ ಹೋಯಿತು.

ಬಂಡೆಯೇ ಗುಂಯ್‌ಗುಟ್ಟಿದ ಹಾಗಾಯಿತು. ಹುಳಗಳು ಕಪ್ಪಗೆ ಕೆಳಗೆ ಸುರಿದವು. ಮೊದಲನೆಯದು ಅವನ ಕಣ್ಣುರೆಪ್ಪೆಗೆ ಕಚ್ಚಿತು, ಆಮೇಲೆ ಬಾಯೊಳಗೇ ಹೊಕ್ಕವು. ತನುಶ್ರೀ ಚೀರಿ ಅವನ ಕೈ ಹಿಡಿದಳು. ಆ ಕೈಯನ್ನು ಕೊಡವಿ ಓಡಿದ. ಬೇಕೆಂದು ಮಾಡಿದ್ದಲ್ಲ ಎಂದು ಬೇಕಾದರೆ ಹೇಳಬಹುದು. ಆದರೆ ಕೊಡವಿದ್ದು ನಿಜ, ಮಗಳು ಬಿದ್ದು ಕಲ್ಲಿಗೆ ಬಡಿದ ಸದ್ದು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು.

ಮೆಟ್ಟಿಲ ತಿರುವಿನಲ್ಲಿ ಅವನು ನಿಂತ. ಮಗಳಿದ್ದಲ್ಲಿಗೆ ತಿರುಗಿ ಓಡಿದ. ಶೀತಲ್ ಮಗಳನ್ನು ಅವುಚಿಕೊಂಡು ಬೋರಲು ಬಿದ್ದಿದ್ದಳು. ಕುತ್ತಿಗೆ ಯಾವುದು, ಕೂದಲು ಯಾವುದು ತಿಳಿಯದಷ್ಟು ಹುಳ ಮುತ್ತಿದ್ದವು. ಅವನು ಮಗಳನ್ನು ಎಳೆದ, ಅವಳ ತೋಳು ಬಿಡಲಿಲ್ಲ. ಬಾತು ಕಣ್ಣು ಮುಚ್ಚಿಹೋಗಿದ್ದ ಮುಖವೆತ್ತಿ, ಬಂದವನು ಯಾರೆಂದೂ ತಿಳಿಯದೆ, ಕೈಗೆ ಸಿಕ್ಕ ಕಲ್ಲಿನಿಂದ ಅವನ ಹಣೆಗೆ ಹೊಡೆದಳು. ರಕ್ತ ಮೂಗಿನ ಮೇಲೆ ಇಳಿಯಿತು. ನಾನು, ನಾನು ಎಂದು ಅವನು ಒರಲಿದ ಮೇಲೆ ತೋಳು ಸಡಿಲಾಯಿತು.

“ಇಕಿನ್ನ ತಗೊಂಡು ಓಡ್ರಿ,” ಎಂದಳು.

ಇಬ್ಬರನ್ನೂ ಹೊರುವ ಶಕ್ತಿ ಅವನಲ್ಲಿರಲಿಲ್ಲ. ತನುಶ್ರೀ ಮಮ್ಮಿ ಬೇಕೆಂದು ಅವನ ಭುಜ ಕಚ್ಚಿ ಒದೆಯುತ್ತಿದ್ದರೂ ಬೆಟ್ಟದ ಬುಡದವರೆಗೆ ಹೊತ್ತು ಇಳಿಸಿದ. ಹಳ್ಳಿಯವರು ಕಂಬಳಿ ಹೊದ್ದು ಮೇಲೆ ಹತ್ತಿ ಶೀತಲ್‌ಳನ್ನು ತಂದರು. ಪುಣೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಅವಳ ಉಸಿರು ನಿಂತಿತು.

ಸಂಜೆ ಆಸ್ಪತ್ರೆಯಲ್ಲಿ ನಾಗವ್ವ ಬಂದವರೆದುರೆಲ್ಲ ಅಳುತ್ತ, ತನ್ನ ಮಗ ಜೀವದ ಹಂಗು ತೊರೆದು ಕೂಸನ್ನು ಉಳಿಸಿಕೊಂಡನೆಂದು ಹೇಳುತ್ತಿದ್ದಳು. ಸಿದ್ದಾರೂಢ ಎದ್ದು ಮಗಳಿದ್ದ ಕೋಣೆಗೆ ಹೋದ. ನಾಚಿಕೆಯಿಂದ ಅವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೆ ಎನ್ನಿಸಿತು. ತನುಶ್ರೀಗೆ ತಾಯಿಯ ಸುದ್ದಿಯನ್ನು ಇನ್ನೂ ಯಾರೂ ಹೇಳಿರಲಿಲ್ಲ. ಬಾತ ತುಟಿ ಒಣಗಿದ್ದು ನೋಡಿ ಅವನು ನೀರಿನ ಲೋಟ ಹಿಡಿದು ಹಾಸಿಗೆಯ ಬಳಿ ಬಗ್ಗಿದ. ಅವಳು ಗೋಡೆಯ ಕಡೆಗೆ ಸರಿದಳು.

“ನೀ ಬ್ಯಾಡ ಪಪ್ಪಾ,” ಎಂದಳು. “ಮಮ್ಮಿ ಬರ್ಲಿ. ಆಕಿ ಕುಡಸ್ತಾಳ.”