ಚುಕ್ಕಿಯ ಗೃಹಬಂಧನ

ಹೆಬ್ಬಗೋಡಿಯ ಅಶ್ವತ್ಥಮ್ಮನ ಮನೆಯ ಹಿಂದೆ ಸಾಲಾಗಿ ಆರು ಬಾಡಿಗೆ ಮನೆಗಳು. ಒಂದು ಕಾಲಕ್ಕೆ ಅಲ್ಲಿ ರಾಗಿ ಹೊಲವಿತ್ತು, ಬದುವಿನುದ್ದಕ್ಕೂ ಹೊಂಗೆ ಮರಗಳಿದ್ದವು. ಈಗ ಹಸಿರು ಅಂತ ಉಳಿದದ್ದು ನೀರಿನ ತೊಟ್ಟಿಯ ಪಕ್ಕದ ಒಂದೇ ಒಂದು ದಾಸವಾಳದ ಗಿಡ. ಆ ಗಿಡ, ವಠಾರದ ಗೋಡೆ, ಶೀಟಿನ ಮಾಡು ಎಲ್ಲವೂ ಚುಕ್ಕಿಯ ರಾಜ್ಯ. ಐದು ವರ್ಷದ ಹಿಂದೆ ಮಳೆಯಲ್ಲಿ ತೊಯ್ದು ಬಂದ ಆ ಬೆಕ್ಕೆಂದರೆ ಅಶ್ವತ್ಥಮ್ಮನಿಗೆ ಪ್ರಾಣ.

ಜನವರಿಯ ಒಂದು ಬೆಳಿಗ್ಗೆ ಚುಕ್ಕಿ ಹಳದಿ ಹೊಟ್ಟೆಯ ಪುಟ್ಟ ಹಕ್ಕಿಯೊಂದನ್ನು ತಂದು ಅಶ್ವತ್ಥಮ್ಮನ ಪಾದದ ಹತ್ತಿರ ಇಟ್ಟಿತು. ಹಕ್ಕಿಯ ಉಸಿರು ನಿಂತಿತ್ತು. ಗಾರ್ಮೆಂಟ್ಸಿಗೆ ಹೊರಟಿದ್ದ ಮರಿಯಮ್ಮ ನೋಡಿದವಳೇ ಊಟದ ಡಬ್ಬಿ ಕೆಳಗಿಟ್ಟಳು. ಅವಳು ಮೂರನೇ ಮನೆಯ ಬಾಡಿಗೆದಾರಳು, ಹೆಚ್ಚು ಮಾತಿನವಳಲ್ಲ.

"ಅಮ್ಮ, ಇದು ನಮ್ಮನೆ ಮುಂದೆ ಗೂಡು ಕಟ್ಟಿರೋ ಸೂರಕ್ಕಿ. ಬಟ್ಟೆ ಒಣಗಾಕೋ ತಂತೀಲಿ. ಒಳಗೆ ಎರಡು ಮರಿ ಇದಾವೆ."

ಅಶ್ವತ್ಥಮ್ಮನಿಗೆ ಚುಚ್ಚಿದಂತಾಯಿತು. "ಬೆಕ್ಕಂದ್ಮೇಲೆ ಇಡೀತದೆ ಕಣವ್ವ. ನಮ್ಮಪ್ಪನ ಕಾಲ್ದಾಗೂ ಇಡೀತಿತ್ತು."

"ಆವಾಗ ಸುತ್ತ ಮರ ಇತ್ತು ಅಂತ ನೀವೇ ಹೇಳ್ತೀರಲ್ಲಮ್ಮ. ಈಗ ಇವಕ್ಕೆ ಇರೋದು ಈ ಒಂದು ಗಿಡ." ಅಷ್ಟು ಹೇಳಿ, ಹೇಳಿದ್ದಕ್ಕೆ ತಾನೇ ಹೆದರಿದವಳಂತೆ ಮರಿಯಮ್ಮ ಬಸ್ಸಿಗೆ ಓಡಿದಳು.

ಅಶ್ವತ್ಥಮ್ಮ ಗೂಡಿನ ಹತ್ತಿರ ಹೋಗಿ ನಿಂತರು. ಒಣಗಿದೆಲೆ, ನಾರು, ಜೇಡರ ಬಲೆಯ ಆ ಚೀಲದ ಬಾಯಲ್ಲಿ ಎರಡು ಕೊಕ್ಕು ತೆರೆದುಕೊಂಡಿದ್ದವು. ಸ್ವಲ್ಪ ಹೊತ್ತಿಗೆ ಮಿರಮಿರ ಮಿಂಚುವ ಗಂಡು ಹಕ್ಕಿ ಒಂದು ಹುಳ ಕಚ್ಚಿಕೊಂಡು ಬಂತು. ಇನ್ನು ಅದೊಂದೇ ಎರಡನ್ನೂ ಸಾಕಬೇಕು. ಅವರು ಮನೆಗೆ ಬಂದು ಚುಕ್ಕಿಯನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದರು.

ಚುಕ್ಕಿ ಸುಮ್ಮನಿರುವ ಬೆಕ್ಕಲ್ಲ. ಎರಡು ದಿನ ಊರು ಒಂದಾಗುವಂತೆ ಕೂಗಿತು. ಪರದೆ ಹರಿಯಿತು, ರಾಗಿಹಿಟ್ಟಿನ ಡಬ್ಬ ಉರುಳಿಸಿತು. "ಬೆಕ್ಕನ್ನ ಯಾರಾದ್ರೂ ಕೂಡಾಕ್ತಾರಾ? ಬುಟ್ಬುಡು ಅತ್ಲಾಗೆ," ಎಂದು ಗಂಡ ವೆಂಕಟೇಶಪ್ಪ ಗೊಣಗಿದರು. ಮೂರನೇ ದಿನ ಭಾನುವಾರ. ಅಶ್ವತ್ಥಮ್ಮನ ಕೈ ಚಿಲಕದ ಮೇಲಿತ್ತು. ಆಚೆಯಿಂದ ಮರಿಯಮ್ಮನೇ ಬಾಗಿಲು ತಟ್ಟಿದಳು.

"ಬಿಡ್ಬೇಡಿ ಅಮ್ಮ. ಅದಕ್ಕೂ ಹೊತ್ತು ಹೋಗ್ಬೇಕಲ್ಲ, ಅದಕ್ಕೇ ಕೂಗುತ್ತೆ."

ಒಳಗೆ ಬಂದು ನೆಲದ ಮೇಲೆ ಕೂತು, ಬಟ್ಟೆಯ ಚೂರು ಕಟ್ಟಿದ ದಾರವನ್ನು ಸರಸರ ಎಳೆದಳು. ಚುಕ್ಕಿ ಹಾರಿ ಹಿಡಿಯಿತು, ಮತ್ತೆ ಹಾರಿತು. ಮಧ್ಯಾಹ್ನದ ಹೊತ್ತಿಗೆ ದಣಿದು ಮಲಗಿತು. ಸಂಜೆ ಮರಿಯಮ್ಮನ ಗಂಡ, ವೆಲ್ಡಿಂಗ್ ಕೆಲಸದ ಮುತ್ತಣ್ಣ, ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಜಾಲರಿ ಹಾಕಲು ಅಳತೆ ತೆಗೆದುಕೊಂಡ. ಜಾಲರಿ ಕೂತ ಮೇಲೆ, ಬುಧವಾರದಿಂದ ಚುಕ್ಕಿ ಅಲ್ಲಿ ಬಿಸಿಲು ಕಾಯಿಸತೊಡಗಿತು.

ಮರಿಗಳಲ್ಲಿ ಒಂದು ಉಳಿಯಲಿಲ್ಲ. ಅಶ್ವತ್ಥಮ್ಮನೇ ಅದನ್ನು ಗಿಡದ ಬುಡದಲ್ಲಿ ಮಣ್ಣು ಮಾಡಿದರು. ಇನ್ನೊಂದು ಮರಿ ಶನಿವಾರ ಬೆಳಿಗ್ಗೆ ಗೂಡಿನಿಂದ ತಂತಿಗೆ, ತಂತಿಯಿಂದ ದಾಸವಾಳಕ್ಕೆ ತಡವರಿಸುತ್ತ ಹಾರಿತು. ಅಪ್ಪ ಹಕ್ಕಿ ಅದರ ಹಿಂದೆಯೇ ಹೋಯಿತು. ಬಕೆಟ್ ಹಿಡಿದು ನಿಂತಿದ್ದ ಅಶ್ವತ್ಥಮ್ಮನ ಕಣ್ಣು ತುಂಬಿತು.

ಅಂದು ಸಂಜೆ ಹಿದುಕಿದ ಅವರೆಬೇಳೆ ಸಾರು, ಬಿಸಿ ಮುದ್ದೆ ಮುಚ್ಚಿಕೊಂಡು ಅವರು ಮೂರನೇ ಮನೆಯ ಬಾಗಿಲಿಗೆ ಹೋದರು. ಅದುವರೆಗೆ ಬಾಡಿಗೆ ಮನೆಯ ಹೊಸ್ತಿಲಲ್ಲಿ ಅವರು ಹಾಗೆ ನಿಂತದ್ದೇ ಇರಲಿಲ್ಲ.

"ಓನರಮ್ಮಂಗೆ ಯಾಕೆ ಏಳೋದು ಅಂತ ನೀನು ಸುಮ್ನಿದ್ದಿದ್ರೆ, ನಾನು ಆ ಸತ್ತ ಸೂರಕ್ಕಿನ ಕಸದ ಜೊತೆ ಎಸ್ದು ಮರ್ತುಬುಡ್ತಿದ್ದೆ ಕಣವ್ವ. ಏಳಿದ್ದಷ್ಟೇ ಅಲ್ಲ, ಬಂದು ಜೊತೇಲಿ ಕೂತೆ. ನಿನ್ನ ಒಟ್ಟೆ ತಣ್ಣಗಿರ್ಲಿ."

ಮರಿಯಮ್ಮ ನಕ್ಕಳು. ಚಾಪೆ ಹಾಸಿದಳು.

"ಒಳಗೆ ಬನ್ನಿ ಅಮ್ಮ. ಒಟ್ಟಿಗೆ ಉಣ್ಣೋಣ."