ಒಂದು ಟೀ ಕುಡಿಯುವಷ್ಟು ಹೊತ್ತು

ರಟ್ಟಿನ ಕಾರ್ಖಾನೆಯ ಪ್ಯಾನೆಲ್ ರೂಮಿನಲ್ಲಿ ಆ ಇಬ್ಬರಿಗೆ ಇದ್ದ ಹೆಸರು ಭಾವ, ಭಾಮೈದ. ಮ್ಯಾನೇಜರು ಕೂಡ ಹಾಗೇ ಕರೆಯುತ್ತಿದ್ದರು. ಭಾವ ಅಲ್ಲಿನ ಹಿರಿಯ ಎಲೆಕ್ಟ್ರಿಷಿಯನ್. ಅಕ್ಕನನ್ನು ಕಟ್ಟಿಕೊಂಡ ತಪ್ಪಿಗೆ ಇವನಿಗೆ ಕೆಲಸ ಕಲಿಸಬೇಕಾಯಿತು ಎಂದು ಎಲ್ಲರ ಮುಂದೆ ರೇಗಿಸುವ ಆಸಾಮಿ.

ಪವರ್ ಫ್ಯಾಕ್ಟರ್ ಅಂದರೇನೆಂದು ಭಾಮೈದನ ತಲೆಗೆ ಹತ್ತಿಸಿದವರೂ ಅವರೇ. "ಮೋಟಾರು ಎರಡು ಥರ ಕರೆಂಟ್ ಕೇಳುತ್ತೆ ಕಣೋ. ಒಂದು ದುಡಿಯೋಕೆ. ಇನ್ನೊಂದು ಸುಮ್ನೆ ಹೋಗಿ ಬರೋಕೆ, ಆದ್ರೆ ಅದಿಲ್ದೆ ಮೋಟಾರು ಏಳೋದೇ ಇಲ್ಲ. ಆ ಎರಡನೇದೂ ದೂರದ ಲೈನಿಂದ್ಲೇ ಬಂದ್ರೆ ಕೇಬಲ್ ಬಿಸಿ, ಪವರ್ ಫ್ಯಾಕ್ಟರ್, ಅಂದ್ರೆ ದುಡಿಯೋ ಪಾಲು, ಕೆಳಗೆ. ಪಕ್ಕದಲ್ಲೇ ಕೆಪಾಸಿಟರ್ ಇಟ್ರೆ ಅದೇ ಕೊಟ್ಟು ತಗೊಂಡು ಮಾಡುತ್ತೆ." ಆಮೇಲೆ ಕಣ್ಣು ಮಿಟುಕಿಸಿ, "ಮೋಟಾರೇನೂ ಬದಲಾಗಲ್ಲ ಮತ್ತೆ! ಹೊರಗಿನ ಮೀಟರಿಗೆ ಗೊತ್ತಾಗಲ್ಲ, ಅಷ್ಟೇ," ಎನ್ನುತ್ತಿದ್ದರು.

ಈಚೆಗೆ ಭಾಮೈದ ಮಾಡುತ್ತಿದ್ದುದೂ ಆ ಕೆಪಾಸಿಟರಿನ ಕೆಲಸವೇ. ಭಾವನಿಗೆ ಮರೆವು ಹತ್ತಿತ್ತು. ಸಣ್ಣಪುಟ್ಟ ಮರೆವಲ್ಲ. ಬಿಗಿದ ನಟ್ಟನ್ನೇ ಮತ್ತೆ ಬಿಗಿಯುತ್ತಿದ್ದರು, ಬಿಗಿಯಬೇಕಾದದ್ದು ಸಡಿಲವಾಗಿಯೇ ಉಳಿಯುತ್ತಿತ್ತು. ಭಾಮೈದ ಹಿಂದೆಯೇ ಸುತ್ತಿ ಎಲ್ಲ ಸರಿಮಾಡುತ್ತಿದ್ದ. "ಯಾರಿಗೂ ಹೇಳಬೇಡ್ವೋ," ಎಂದು ಅಕ್ಕ ಅವನ ಎರಡೂ ಕೈ ಹಿಡಿದುಕೊಂಡಿದ್ದಳು. "ಆ ಕೆಲಸ ಒಂದೇ ಅವರನ್ನ ಅವರಾಗಿ ಇಟ್ಟಿರೋದು. ಮನೇಲಿ ಕೂರಿಸಿದ್ರೆ ನನ್ನೂ ಮರೆತುಬಿಡ್ತಾರೆ." ಅವನು ಮಾತೇನೋ ಕೊಟ್ಟ, ನೆಮ್ಮದಿ ಕಳೆದುಕೊಂಡ.

ಅವತ್ತು ಒಂದು ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡಿತ್ತು, ಬದಲಿಸಬೇಕಿತ್ತು. ಅದರ ಜಾತಿಯೇ ಹಾಗೆ: ಸ್ವಿಚ್ ಆಫ್ ಮಾಡಿದರೂ ಒಳಗೆ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ, ಮುಟ್ಟಿದವನ ಕಥೆ ಮುಗಿಯಿತು. ಅದಕ್ಕೇ ಭಾವನದೊಂದು ಕಾನೂನು. ಆಫ್ ಮಾಡು, ಕೂತು ಒಂದು ಟೀ ಕುಡಿ, ಅಷ್ಟು ಹೊತ್ತಿಗೆ ಅದು ಇಳಿದಿರುತ್ತದೆ. ಆಮೇಲೂ ನಂಬಬೇಡ, ಮರದ ಹಿಡಿಯ ರಾಡು ಮುಟ್ಟಿಸಿ ನೋಡು, ಕರೆಂಟ್ ಉಳಿದಿದ್ದರೆ ಕಿಡಿ ಹಾರಿ ಇಳಿಯುತ್ತದೆ.

ಭಾಮೈದ ಸ್ಟೋರಿನಿಂದ ಹೊಸದನ್ನು ಹೊತ್ತು ತಂದಾಗ ಭಾವ ಪ್ಯಾನೆಲ್ ಬಾಗಿಲು ತೆಗೆದು ನಿಂತಿದ್ದರು. ಸ್ಟೂಲಿನ ಮೇಲೆ ಎರಡು ಖಾಲಿ ಗ್ಲಾಸು.

"ಎಲ್ಲಿ ಹಾಳಾಗಿ ಹೋಗಿದ್ಯೋ? ಆಫ್ ಮಾಡಿ, ಟೀ ಕುಡಿದು, ರಾಡೂ ಮುಟ್ಟಿಸಿ ಆಯ್ತು. ಬಿಚ್ಚು, ಬಿಚ್ಚು."

ಆ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಭಾಮೈದ ಸ್ಪ್ಯಾನರ್ ಹಿಡಿದು ಕೈ ಚಾಚಿದ. ಕೈ ಅರ್ಧ ಒಳಗೆ ಹೋಗಿತ್ತು, ಆಗ ಕಣ್ಣು ಗ್ಲಾಸಿನ ಮೇಲೆ ಬಿತ್ತು. ಎರಡು ಗ್ಲಾಸು ಯಾಕೆ? ಇನ್ನೊಂದರಲ್ಲಿ ಕುಡಿದವನು ತಾನೇ, ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ. ಎರಡರ ತಳದಲ್ಲೂ ಟೀ ಒಣಗಿ ಅಂಟಿತ್ತು. ಪ್ಯಾನೆಲ್ಲಿನ ಫ್ಯಾನು ಇನ್ನೂ ನಿಂತೇ ಇರಲಿಲ್ಲ, ನಿಧಾನವಾಗಿ ಸುತ್ತುತ್ತಿತ್ತು; ಆಫ್ ಮಾಡಿ ಅರೆನಿಮಿಷವೂ ಆಗಿರಲಿಲ್ಲ.

ಕೈ ಹಿಂದಕ್ಕೆಳೆದುಕೊಂಡು ರಾಡು ಮುಟ್ಟಿಸಿದ. ಢಮಾರ್! ನೀಲಿ ಬೆಂಕಿ ಹಾರಿತು, ರಾಡಿನ ತುದಿ ಕಪ್ಪಾಯಿತು. ಭಾಮೈದ ರಾಡು ಕೆಳಗಿಟ್ಟ. ಅಯ್ಯೋ, ಒಂದೇ ಒಂದು ಗಳಿಗೆ! ಅಷ್ಟರಲ್ಲಿ ಅಕ್ಕನಿಗೆ ತಮ್ಮ ಇಲ್ಲವಾಗುತ್ತಿದ್ದ, ಅದೂ ಅವಳ ಗಂಡನ ಮಾತು ನಂಬಿ.

"ಮುಟ್ಟಿಸಿದ್ದೆ ಕಣೋ," ಭಾವ ಬಿಳಿಚಿಕೊಂಡಿದ್ದರು. "ನಾನು ಮುಟ್ಟಿಸಿದ್ದೆ..."

ಸದ್ದಿಗೆ ಮ್ಯಾನೇಜರು ಓಡಿ ಬಂದರು. "ಏನ್ರೀ ಅದು?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು: ನನ್ನದೇ ತಪ್ಪು ಸಾರ್, ಅವಸರ ಮಾಡಿದೆ. ಎಷ್ಟು ಸಲ ಹೇಳಿ ರೂಢಿಯಾಗಿತ್ತು! ಅಕ್ಕ ಕೈ ಹಿಡಿದದ್ದು ನೆನಪಾಯಿತು. ಆದರೆ ನಾಳೆ ಇಲ್ಲಿ ಕೈ ಹಾಕುವವನು ಇನ್ಯಾರೋ ಆದರೆ? ಭಾವನೇ ಆದರೆ?

"ಭಾವನಿಗೆ ಮರೆವು ಸಾರ್," ಎಂದ. "ಬಹಳ ದಿನದಿಂದ. ಮುಚ್ಚಿಟ್ಟವನು ನಾನು. ಇನ್ಮೇಲೆ ಅವರ ಕೈಗೆ ಪ್ಯಾನೆಲ್ ಕೊಡಬೇಡಿ." ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಮ್ಯಾನೇಜರು ಭಾವನ ಮುಂದೆ ಕೈ ಚಾಚಿದರು. ಭಾವ ಸೊಂಟದ ಬೀಗದಕೈ ಗೊಂಚಲು ಬಿಚ್ಚಿ ಕೊಟ್ಟು, ಗ್ಲಾಸುಗಳನ್ನು ಸರಿಸಿ ಸ್ಟೂಲಿನ ಮೇಲೆ ಕೂತರು. ಮ್ಯಾನೇಜರು ಹೊರಟುಹೋದರು. ಆಮೇಲೆ ಭಾವ ತೆರೆದ ಪ್ಯಾನೆಲ್ಲನ್ನೂ ಭಾಮೈದನನ್ನೂ ನೋಡಿದರು. ಮುಖದಲ್ಲಿ ಹಳೆಯ ಗತ್ತು ಬಂದಿತ್ತು.

"ಆಫ್ ಮಾಡಿದ್ಯೇನೋ?"

"ಮಾಡಿದೆ ಭಾವ."

"ಹಾಗಾದ್ರೆ ಕೂತ್ಕೋ ಸುಮ್ನೆ, ಟೀ ಬರಲಿ. ಅವಸರಪಟ್ಟು ಕೈ ಹಾಕ್ಬೇಡ. ನಿನಗೇನಾದ್ರೂ ಆದ್ರೆ ನಿನ್ನ ಅಕ್ಕನಿಗೆ ನಾನು ಏನಂತ ಹೇಳ್ಲಿ?"